ಬ್ಲೇಡ್ ಬದಲಿಸುವ ಮೊದಲು



ಬೀದರ್ ಎಂದರೆ ನಾಡಿಗೆಲ್ಲ ನೆನಪಾಗುವುದು ಬಿದ್ರಿ ಕಲೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವ ಆ ಕೆಲಸಕ್ಕೆ ದೇಶವಿದೇಶಗಳಲ್ಲಿ ಹೆಸರಿದೆ. ಇದೇ ಜಿಲ್ಲೆಯಲ್ಲಿ ಯಾರೂ ಅಷ್ಟಾಗಿ ಮಾತಾಡದ ಇನ್ನೊಂದು ಲೋಹದ ಕೆಲಸವೂ ದಿನನಿತ್ಯ ನಡೆಯುತ್ತಿದೆ. ನೌಬಾದ್ ಮತ್ತು ಕೊಳಾರದ ಶೆಡ್ಡುಗಳಲ್ಲಿ, ಭಾಲ್ಕಿಯ ಲೇತ್ ಅಂಗಡಿಗಳಲ್ಲಿ, ಔರಾದಿನ ವೆಲ್ಡಿಂಗ್ ಅಂಗಡಿಗಳಲ್ಲಿ ಉಕ್ಕು ಕತ್ತರಿಸುವ ಕೆಲಸ ಅದು. ಲೇತಿಗೆ ಹೋಗುವ ರಾಡು, ವೆಲ್ಡಿಂಗಿಗೆ ಹೋಗುವ ಪೈಪು, ಟ್ರಾಲಿಗೆ ಹೋಗುವ ಚಾನೆಲ್, ಎಲ್ಲವೂ ಮೊದಲು ಅಳತೆಗೆ ತುಂಡಾಗಬೇಕು. ಆ ಕೆಲಸವನ್ನು ಇವತ್ತು ಹಲವು ಕಡೆ ಬ್ಯಾಂಡ್ ಸಾ ಮಾಡುತ್ತಿದೆ. ಎರಡು ಚಕ್ರಗಳ ಮೇಲೆ ಸುತ್ತುವ, ತುದಿಮೊದಲಿಲ್ಲದ ಪಟ್ಟಿ ಗರಗಸ ಅದು. ಅದು ತೊಂದರೆ ಕೊಟ್ಟಾಗ ಕಾರಣ ಹುಡುಕುವುದು ಹೇಗೆ ಎಂಬುದೇ ಇವತ್ತಿನ ಮಾತು.

ಕಟ್ ಸೊಟ್ಟ ಬಂದರೆ, ಸದ್ದು ಹೆಚ್ಚಾದರೆ, ಹಲ್ಲು ಉದುರಿದರೆ ನಮ್ಮ ಅಂಗಡಿಗಳಲ್ಲಿ ಮೊದಲು ಕೇಳುವ ಮಾತು ಒಂದೇ: "ಬ್ಲೇಡ್ ಖರಾಬ್ ಆಗ್ಯದರಿ, ಹೊಸಾದು ಹಾಕರಿ." ಹೊಸ ಬ್ಲೇಡ್ ಬೇಕೆಂದರೆ ಎಷ್ಟೋ ಸಲ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿಗೆ ಫೋನ್ ಮಾಡಬೇಕು, ಇಲ್ಲವೇ ಸಿಕಂದರಾಬಾದಿನ ರಾಣಿಗಂಜ್ ಮಾರುಕಟ್ಟೆಗೆ ಹೋಗಿಬರಬೇಕು. ಯಂತ್ರದ ಕಂಪನಿಯವರನ್ನು ಕರೆಸಿದರೆ ಅವರು ಬಂದುಹೋಗುವ ಖರ್ಚು, ಕಾಯುವ ದಿನ ಎರಡೂ ನಮ್ಮ ಮೇಲೆಯೇ. ಅಷ್ಟು ಮಾಡಿ ಹಾಕಿದ ಹೊಸ ಬ್ಲೇಡೂ ನಾಲ್ಕು ದಿನದಲ್ಲಿ ಹಳೆಯದರ ದಾರಿಯನ್ನೇ ಹಿಡಿದರೆ ಕಾರಣ ಬೇರೆಲ್ಲೋ ಇದೆ ಎಂದರ್ಥ. ಬಹಳಷ್ಟು ಸಲ ಪೆಟ್ಟು ತಿಂದದ್ದು ಬ್ಲೇಡು, ಪೆಟ್ಟು ಕೊಟ್ಟದ್ದು ಬೇರೊಂದು. ಆ ಬೇರೊಂದು ಯಾವುದು ಎಂದು ತಿಳಿಯಲು ಉದುರಿದ ಚೂರು, ಕಟ್ಟಾದ ಮುಖ, ಮುರಿದ ಬ್ಲೇಡು ಈ ಮೂರನ್ನು ನೋಡಿದರೆ ಸಾಕು. ಮೂರೂ ನಿಮ್ಮ ಕಾಲಬುಡದಲ್ಲೇ ಬಿದ್ದಿರುತ್ತವೆ.

ಮೊದಲು ಚೂರು ನೋಡೋಣ. ಕಟ್ ಸರಿಯಾಗಿ ನಡೆಯುತ್ತಿದ್ದರೆ ಚೂರುಗಳು ಬೆಳ್ಳಗೆ, ಸಡಿಲವಾಗಿ ಸುರುಳಿ ಸುತ್ತಿಕೊಂಡು ಬೀಳುತ್ತವೆ. ಮುಟ್ಟಿದರೆ ಹೆಚ್ಚು ಬಿಸಿ ಇರುವುದಿಲ್ಲ. ಯಂತ್ರ ನಿಲ್ಲಿಸಿ, ಬ್ರಷ್ಷಿನಿಂದ ತೆಗೆದುಕೊಂಡೇ ನೋಡಿ. ಚೂರು ಹಿಟ್ಟಿನ ಹಾಗೆ ಸಣ್ಣಗಾಗಿದ್ದರೆ ಫೀಡ್ ಕಡಿಮೆಯಾಗಿದೆ, ಅಂದರೆ ಬ್ಲೇಡ್ ಹೊತ್ತ ಬೋ ಎಂಬ ಚೌಕಟ್ಟು ಇಳಿಯುವ ವೇಗ ಸಾಲದು. ಹಲ್ಲು ಲೋಹದೊಳಗೆ ಇಳಿಯದೆ ಮೇಲೆಯೇ ಉಜ್ಜುತ್ತಿದೆ. ಬಡ್ಡು ಕುಡುಗೋಲಿನಲ್ಲಿ ಜೋಳದ ದಂಟು ಕೊಯ್ದ ಹಾಗೆ, ಶ್ರಮವೆಲ್ಲ ಕೆಲಸಕ್ಕಲ್ಲ, ಕಾವಿಗೆ ಹೋಗುತ್ತದೆ. ಚೂರು ದಪ್ಪವಾಗಿ, ನೀಲಿ ಇಲ್ಲವೇ ಕಂದು ಬಣ್ಣಕ್ಕೆ ತಿರುಗಿದ್ದರೆ ಫೀಡ್ ಹೆಚ್ಚಾಗಿದೆ, ಅಥವಾ ಬ್ಲೇಡಿನ ವೇಗ ಹೆಚ್ಚಾಗಿದೆ, ಅಥವಾ ಕೂಲಂಟ್ ಕಟ್ಟಿನೊಳಗೆ ತಲುಪುತ್ತಿಲ್ಲ. ಚೂರು ಹಲ್ಲಿಗೇ ಅಂಟಿಕೊಂಡು ತಿರುಗಿ ಬರುತ್ತಿದ್ದರೆ ಹಲ್ಲು ಒರೆಸುವ ತಂತಿ ಬ್ರಷ್ ಸವೆದಿದೆ. ಆ ಬ್ರಷ್ಷಿನ ಬೆಲೆ ಬ್ಲೇಡಿನ ಮುಂದೆ ಏನೂ ಅಲ್ಲ. ಆದರೂ ಅದನ್ನು ಬದಲಿಸದೆ ಬಿಟ್ಟು ಬ್ಲೇಡಿನ ಹಲ್ಲು ಉದುರಿಸಿಕೊಂಡವರು ಬಹಳ.

ಎರಡನೆಯದು ಕಟ್ಟಾದ ಮುಖ. ಕಟ್ ಸೊಟ್ಟ ಬಂದಿದೆ ಎಂದಷ್ಟೇ ಹೇಳಿದರೆ ಕಾರಣ ತಿಳಿಯುವುದಿಲ್ಲ. ಮೂಲೆಮಟ್ಟ ತೆಗೆದುಕೊಂಡು ಆ ಮುಖದ ಮೇಲೆ ಇಟ್ಟು ಬೆಳಕಿಗೆ ಹಿಡಿಯಿರಿ. ಮುಖ ಪೂರ್ತಿ ಸಪಾಟಾಗಿದ್ದು ಓರೆಯಾಗಿ ಮಾತ್ರ ಇದ್ದರೆ ಬ್ಲೇಡಿನ ತಪ್ಪು ಏನೂ ಇಲ್ಲ. ವೈಸ್ 90 ಡಿಗ್ರಿಗೆ ಕೂತಿಲ್ಲ, ಇಲ್ಲವೇ ಉದ್ದನೆಯ ರಾಡಿನ ಇನ್ನೊಂದು ತುದಿ ರೋಲರಿನ ಮೇಲೆ ಮಟ್ಟವಾಗಿ ಕೂತಿಲ್ಲ. ಮುಖ ಬಾಗಿದ್ದರೆ, ನಡುವೆ ಹೊಟ್ಟೆ ಬಂದಂತಿದ್ದರೆ, ಬ್ಲೇಡ್ ಕಟ್ಟಿನೊಳಗೆ ದಾರಿ ತಪ್ಪಿದೆ. ಆಗ ಮೂರು ಜಾಗ ನೋಡಬೇಕು. ಬ್ಲೇಡಿನ ಬಿಗಿತ ಸಾಕಷ್ಟಿದೆಯೇ? ಬೈಮೆಟಲ್ ಬ್ಲೇಡಿಗೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 2000ದಿಂದ 3000 ಕಿಲೋ ಬಿಗಿತ ಬೇಕು. ಅದನ್ನು ಬೆರಳಿನಿಂದ ತಟ್ಟಿ ತಿಳಿಯಲಾಗದು, ಟೆನ್ಷನ್ ಗೇಜ್ ಬೇಕು. ಬ್ಲೇಡಿಗೆ ಆಸರೆ ಕೊಡುವ ಗೈಡುಗಳು ಜಾಬಿನ, ಅಂದರೆ ಕತ್ತರಿಸುವ ಮಾಲಿನ, ಹತ್ತಿರ ಇವೆಯೇ? 100 ಮಿಲಿಮೀಟರ್ ರಾಡ್ ಕತ್ತರಿಸುವಾಗ ಗೈಡಿನ ತೋಳನ್ನು 250 ಮಿಲಿಮೀಟರ್ ಅಗಲಕ್ಕೆ ಬಿಟ್ಟಿದ್ದರೆ ನಡುವಿನ ಬ್ಲೇಡು ಆಸರೆಯಿಲ್ಲದೆ ಬಾಗುತ್ತದೆ. ಜಾಬ್ ಬದಲಾದಾಗಲೆಲ್ಲ ಆ ತೋಳನ್ನು ಸರಿಸುವುದು ಅರ್ಧ ನಿಮಿಷದ ಕೆಲಸ. ಕೊನೆಯದಾಗಿ, ಕಟ್ ಯಾವಾಗಲೂ ಒಂದೇ ಬದಿಗೆ ವಾಲುತ್ತಿದೆಯೇ? ಹಾಗಿದ್ದರೆ ಆ ಬದಿಯ ಗೈಡ್ ಸವೆದಿರಬಹುದು, ಅಥವಾ ಒಂದು ಬದಿಯ ಹಲ್ಲುಗಳ ಹರಿತ ಹೋಗಿರಬಹುದು. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ನೇರ ಹೀಗೆ ಬಾಗಿರುತ್ತವೆ. ಎಡದವು ಬಡ್ಡಾದರೆ ಬ್ಲೇಡ್ ಬಲಕ್ಕೆ ಎಳೆಯುತ್ತದೆ.

ಇನ್ನು ಯಾವ ಊರಿನಲ್ಲಿ ಯಾವ ಮಾಲು ಹೆಚ್ಚು ಎಂಬುದರ ಮೇಲೆ ತೊಂದರೆಯೂ ಬದಲಾಗುತ್ತದೆ. ಬೀದರಿನಿಂದಲೇ ಶುರುಮಾಡುತ್ತೇನೆ.

ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ. ಅಂಥ ಕಡೆ ಬೇಕಾಗುವುದು ಸ್ಟೇನ್‌ಲೆಸ್ ಸ್ಟೀಲ್, ಅಂದರೆ 304, 316 ದರ್ಜೆಯ ಪೈಪು ಮತ್ತು ರಾಡು. ಈ ಲೋಹಕ್ಕೆ ಒಂದು ಗುಣವಿದೆ: ಹಲ್ಲು ಕೊಯ್ಯದೆ ಉಜ್ಜಿದರೆ ಉಜ್ಜಿದ ಜಾಗ ಗಟ್ಟಿಯಾಗುತ್ತದೆ. ಗಟ್ಟಿಯಾದ ಪದರವನ್ನು ಮುಂದಿನ ಹಲ್ಲು ಕೊಯ್ಯಲಾರದು, ಅದೂ ಉಜ್ಜುತ್ತದೆ, ಪದರ ಇನ್ನಷ್ಟು ಗಟ್ಟಿಯಾಗುತ್ತದೆ. ಗಟ್ಟಿ ಲೋಹ, ನಿಧಾನ ಹೋಗೋಣ ಎಂದು ಆಪರೇಟರ್ ಫೀಡ್ ಕಡಿಮೆ ಮಾಡುವುದು ಸಹಜ. ಸ್ಟೇನ್‌ಲೆಸ್ಸಿನಲ್ಲಿ ಅದೇ ಬ್ಲೇಡನ್ನು ಕೊಲ್ಲುತ್ತದೆ. ಇಲ್ಲಿ ತಗ್ಗಿಸಬೇಕಾದದ್ದು ಬ್ಲೇಡಿನ ವೇಗ. ಫೀಡ್ ಮಾತ್ರ ಕಟ್ ಮುಗಿಯುವ ತನಕ ಬಿಡದೆ ಇರಬೇಕು. ಪೆನ್ನು ಇದ್ದರೆ ಬರೆದುಕೊಳ್ಳಿ. ಬೈಮೆಟಲ್ ಬ್ಲೇಡಿನಲ್ಲಿ ಸಾದಾ ಉಕ್ಕಿಗೆ ನಿಮಿಷಕ್ಕೆ 60ರಿಂದ 80 ಮೀಟರ್, ಸ್ಟೇನ್‌ಲೆಸ್ 304ಕ್ಕೆ 30ರಿಂದ 40 ಮೀಟರ್, ಡಿ2ನಂಥ ಟೂಲ್ ಸ್ಟೀಲಿಗೆ 25ರಿಂದ 30 ಮೀಟರ್. ಬೆಳಿಗ್ಗೆ ಸಾದಾ ಉಕ್ಕು ಕತ್ತರಿಸಿದ ವೇಗದಲ್ಲೇ ಮಧ್ಯಾಹ್ನ 304 ಹಚ್ಚಿದರೆ ಬ್ಲೇಡಿನ ಹರಿತ ಸಂಜೆಗೆ ಉಳಿಯುವುದಿಲ್ಲ.

ಭಾಲ್ಕಿಯ ಕಡೆ ಕಬ್ಬಿನ ಸೀಮೆ. ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ಅದೇ ತಾಲ್ಲೂಕಿನಲ್ಲಿದೆ. ಕಬ್ಬು ಅರೆಯುವ ಕಾಲ ಬಂತೆಂದರೆ ಗಾಣದ ರೋಲರು, ಟ್ರಾಲಿಯ ಆಕ್ಸಲ್ಲು, ದಪ್ಪ ಶಾಫ್ಟುಗಳ ರಿಪೇರಿ ಹೆಚ್ಚು. ಇಎನ್8ರಂಥ ಉಕ್ಕಿನ ದಪ್ಪ ಗಟ್ಟಿ ರಾಡು ಕತ್ತರಿಸುವಾಗ ಬರುವ ತೊಂದರೆ ಬೇರೆ. ಇಂಚಿಗೆ ಎಷ್ಟು ಹಲ್ಲು ಇರುವ ಬ್ಲೇಡ್ ಹಾಕಿದ್ದೀರಿ ಎಂಬುದು ಇಲ್ಲಿ ಮುಖ್ಯ. ಇಂಥ ಗಟ್ಟಿ ರಾಡಿನ ಕಟ್ಟಿನೊಳಗೆ ಯಾವಾಗಲೂ ಕನಿಷ್ಠ 3 ಹಲ್ಲು ಇರಬೇಕು. 6ರಿಂದ 12 ಹಲ್ಲು ಇದ್ದರೆ ಉತ್ತಮ, 24ಕ್ಕಿಂತ ಹೆಚ್ಚಾಗಬಾರದು. 25 ಮಿಲಿಮೀಟರ್ ರಾಡಿಗೆ 6/10ರ, ಅಂದರೆ ಇಂಚಿಗೆ 6ರಿಂದ 10 ಹಲ್ಲಿನ, ಬ್ಲೇಡ್ ಹಾಕಿದರೆ ಒಳಗೆ 6ರಿಂದ 10 ಹಲ್ಲು ಇರುತ್ತವೆ, ಅದು ಸರಿ. ಅದೇ ಬ್ಲೇಡನ್ನು 200 ಮಿಲಿಮೀಟರಿನ ರೋಲರಿಗೆ ಹಚ್ಚಿದರೆ ಒಳಗೆ 50-80 ಹಲ್ಲುಗಳಾಗುತ್ತವೆ. ಹಲ್ಲುಗಳ ನಡುವಿನ ಕುಳಿ ಚಿಕ್ಕದು, ಚೂರು ಹೋಗಲು ಜಾಗವಿಲ್ಲ. ಕುಳಿ ತುಂಬಿ ಬ್ಲೇಡ್ ಮೇಲೇಳುತ್ತದೆ, ಕಟ್ ಬಾಗುತ್ತದೆ, ಮೋಟಾರು ಕಾಯುತ್ತದೆ. 200 ಮಿಲಿಮೀಟರಿಗೆ 2/3ರ ಬ್ಲೇಡು, 100 ಮಿಲಿಮೀಟರಿಗೆ 3/4ರ ಬ್ಲೇಡು ಬೇಕು. ಸೀಸನ್ನಿನ ಗಡಿಬಿಡಿಯಲ್ಲಿ ಬ್ಲೇಡ್ ಬದಲಿಸಲು ಹೋಗುವ ಹತ್ತು ನಿಮಿಷ ದೊಡ್ಡದಾಗಿ ಕಾಣುತ್ತದೆ. ಆ ಹತ್ತು ನಿಮಿಷ ಉಳಿಸಿ ಒಂದು ಬ್ಲೇಡ್ ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಔರಾದ್ ತಾಲ್ಲೂಕು ಸೋಯಾ, ತೊಗರಿ, ಹೆಸರು, ಉದ್ದು ಬೆಳೆಯುವ ಕಪ್ಪು ನೆಲ. ಅಲ್ಲಿನ ವೆಲ್ಡಿಂಗ್ ಅಂಗಡಿಗಳ ಕೆಲಸ ಕೂರಿಗೆ, ಕುಂಟೆ, ಗೇಟು, ಶೆಡ್ಡು. ಮಾಲು ತೆಳು: ಚೌಕ ಪೈಪು, ಆ್ಯಂಗಲ್, ಪಟ್ಟಿ. ಭಾಲ್ಕಿಯ ತೊಂದರೆ ಇಲ್ಲಿ ತಿರುಗುಮುರುಗು. ದೊಡ್ಡ ಹಲ್ಲಿನ ಬ್ಲೇಡಿಗೆ ತೆಳು ಗೋಡೆಯ ಪೈಪು ಸಿಕ್ಕರೆ ಗೋಡೆ ಎರಡು ಹಲ್ಲಿನ ನಡುವೆ ಬಿದ್ದು ಹಲ್ಲನ್ನು ಕಿತ್ತುಹಾಕುತ್ತದೆ. 3 ಮಿಲಿಮೀಟರ್ ಗೋಡೆಯ ಪೈಪಿಗೆ 10/14ರ ಬ್ಲೇಡ್ ಇರಲಿ. ಆ್ಯಂಗಲನ್ನು ವೈಸಿನಲ್ಲಿ ಮೂಲೆ ಮೇಲೆ ಬರುವಂತೆ ಕವುಚಿ ಹಿಡಿದರೆ ಕಟ್ಟಿನ ಅಗಲ ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹತ್ತಾರು ಪೈಪುಗಳನ್ನು ಕಂತೆ ಕಟ್ಟಿ ಒಟ್ಟಿಗೆ ಕತ್ತರಿಸುವವರು ಕಂತೆಯ ಹಿಂದಿನ ತುದಿಗೆ ಚಿಕ್ಕ ಚಿಕ್ಕ ವೆಲ್ಡ್ ಹಾಕಿ ಕಟ್ಟಿಕೊಳ್ಳಿ. ಕಂತೆಯಲ್ಲಿ ಒಂದು ಪೈಪು ಸಡಿಲವಾಗಿ ತಿರುಗಿದರೂ ಒಂದೇ ಕ್ಷಣದಲ್ಲಿ ಸಾಲಾಗಿ ಹಲ್ಲು ಹೋಗುತ್ತವೆ.

ಮೂರೂ ಊರಿಗೆ ಒಂದೇ ಆದ ಸಂಗತಿ ನೀರು ಮತ್ತು ಕರೆಂಟು.

ಕೂಲಂಟಿನ ಎಣ್ಣೆಯನ್ನು ನೀರಿನಲ್ಲಿ ಕಲಸುತ್ತೇವೆ. ಬ್ಯಾಂಡ್ ಸಾಗೆ ಸಾಮಾನ್ಯವಾಗಿ ನೂರಕ್ಕೆ 8ರಿಂದ 10 ಪಾಲು ಎಣ್ಣೆ ಇರಬೇಕು, ಅಂದರೆ 10 ಲೀಟರ್ ನೀರಿಗೆ ಸುಮಾರು 1 ಲೀಟರ್. ಮೊದಲು ನೀರು, ಅದಕ್ಕೆ ಎಣ್ಣೆಯನ್ನು ಸುರಿಯುತ್ತ ಕಲಸಬೇಕು. ಎಣ್ಣೆಯ ಮೇಲೆ ನೀರು ಸುರಿದರೆ ಸರಿಯಾಗಿ ಬೆರೆಯುವುದಿಲ್ಲ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಅದರ ಆಚೆ, ಭಾಲ್ಕಿ-ಔರಾದಿನ ಕಡೆ, ಕಪ್ಪು ಬಸಾಲ್ಟ್ ಕಲ್ಲಿನ ನೆಲ. ಇಂಥ ನೆಲದ ಬೋರ್‌ವೆಲ್ ನೀರು ಹಲವು ಕಡೆ ಗಡಸು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಣ್ಣೆಯನ್ನು ನೀರಿನಿಂದ ಬಿಡಿಸಿಬಿಡುತ್ತವೆ. ಟ್ಯಾಂಕಿನ ಮೇಲೆ ಕೆನೆಯಂಥ ಪದರ ಕಟ್ಟಿದ್ದರೆ, ಯಂತ್ರದ ಮೇಲೆ ಬಿಳಿ ಕಲೆ ಅಂಟಿದ್ದರೆ, ಕತ್ತರಿಸಿದ ತುಂಡು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದರೆ ಅದೇ ಕಾರಣವಿರಬಹುದು. ಮಳೆಗಾಲದಲ್ಲಿ ಶೆಡ್ಡಿನ ತಗಡಿನಿಂದ ಇಳಿಯುವ ನೀರನ್ನು ಸೋಸಿ ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಕೂಲಂಟಿಗೆ ಅದಕ್ಕಿಂತ ಒಳ್ಳೆಯ ನೀರು ಇಲ್ಲ. ಉಳಿದ ದಿನಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕ್ಯಾನ್ ತರಿಸಿ. ಆದರೆ ಆ ಘಟಕ ಹೊರಗೆ ಬಿಡುವ ವ್ಯರ್ಥ ನೀರನ್ನು ತರಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು. ಮೇ ತಿಂಗಳ ಬಿಸಿಲಿನಲ್ಲಿ ನೀರು ಆವಿಯಾಗಿ ಎಣ್ಣೆಯ ಪಾಲು ಏರುತ್ತದೆ. ಆಗ ಬರೀ ನೀರು ಸುರಿಯುವ ಬದಲು ತೆಳ್ಳಗೆ ಕಲಸಿದ ಕೂಲಂಟನ್ನು ಸೇರಿಸಿ.

ಕರೆಂಟಿನ ವಿಷಯ. ಲೈನ್ ರಿಪೇರಿಯಾಗಿ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಬದಲಾಗಿ ಕರೆಂಟ್ ಬಂದಾಗ ಕೆಲವು ಸಲ ಮೂರು ಫೇಸುಗಳ ಕ್ರಮ ಅದಲುಬದಲಾಗಿರುತ್ತದೆ. ಆಗ ಮೋಟಾರುಗಳು ಉಲ್ಟಾ ತಿರುಗುತ್ತವೆ. ಹೈಡ್ರಾಲಿಕ್ ಪಂಪಿನ ಸದ್ದು ಬರುತ್ತದೆ, ಆದರೆ ಬೋ ಮೇಲೇಳುವುದಿಲ್ಲ. ಕೂಲಂಟಿನ ಧಾರೆ ಸಣ್ಣಗಾಗುತ್ತದೆ. ಬ್ಲೇಡ್ ಹಿಂದಕ್ಕೆ ಓಡುತ್ತದೆ. ಪಂಪ್ ಕೆಟ್ಟಿದೆ ಎಂದು ಬಿಚ್ಚುವ ಮೊದಲು ಫೇಸಿನ ಕ್ರಮ ನೋಡಿ. ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಮೂರರಲ್ಲಿ ಎರಡು ತಂತಿ ಅದಲುಬದಲು ಮಾಡಿದರೆ ಸರಿಯಾಗುತ್ತದೆ. ಒಂದು ಫೇಸ್ ಹೋದರೆ, ಕ್ರಮ ತಪ್ಪಿದರೆ ಯಂತ್ರವನ್ನು ತಾನೇ ನಿಲ್ಲಿಸುವ ರಿಲೇ ಸಿಗುತ್ತದೆ, ಅದನ್ನು ಹಾಕಿಸಿ. ವೋಲ್ಟೇಜ್ ಇಳಿಯುವುದು ಇನ್ನೊಂದು ಕಾಟ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 415 ಇರಬೇಕಾದಲ್ಲಿ 350 ಬಂದರೆ ಬಲ ನೂರಕ್ಕೆ 71ರಷ್ಟೇ ಉಳಿಯುತ್ತದೆ. ಬ್ಲೇಡ್ ಕಟ್ಟಿನ ನಡುವೆ ನಿಂತರೆ ಬ್ಲೇಡನ್ನು ಬೈಯುವ ಮೊದಲು ಮೀಟರ್ ಹಚ್ಚಿ ನೋಡಿ. ಕಟ್ ನಡೆಯುತ್ತಿರುವಾಗಲೇ ಕರೆಂಟ್ ಹೋದರೆ, ತಿರುಗಿ ಬಂದ ಮೇಲೆ ಮೊದಲು ಬೋ ಎತ್ತಿ, ಆಮೇಲೆ ಬ್ಲೇಡ್ ಓಡಿಸಿ, ಬಳಿಕ ನಿಧಾನ ಇಳಿಸಿ. ಕಟ್ಟಿನೊಳಗೆ ಸಿಕ್ಕಿಕೊಂಡಿರುವಾಗಲೇ ಸ್ವಿಚ್ ಒತ್ತಿದರೆ ಹಲ್ಲು ಹೋದವೆಂದೇ ತಿಳಿಯಿರಿ.

ಇನ್ನು ಮೂರನೆಯದು, ಮುರಿದ ಬ್ಲೇಡು. ಇಷ್ಟೆಲ್ಲ ನೋಡಿಕೊಂಡರೂ ಬ್ಲೇಡ್ ಒಂದು ದಿನ ಮುರಿಯುತ್ತದೆ. 3.5 ಮೀಟರ್ ಉದ್ದದ ಬ್ಲೇಡ್ ನಿಮಿಷಕ್ಕೆ 70 ಮೀಟರ್ ಓಡಿದರೆ ಗಂಟೆಗೆ 1200 ಸುತ್ತು ಬರುತ್ತದೆ. ಪ್ರತಿ ಸುತ್ತಿನಲ್ಲಿ ಎರಡು ಚಕ್ರಗಳ ಮೇಲೆ ಎರಡು ಸಲ ಬಾಗಿ ನೆಟ್ಟಗಾಗಬೇಕು, ಅಂದರೆ ಗಂಟೆಗೆ 2400 ಸಲ. ದಣಿದು ಮುರಿಯುವುದು ಲೋಹದ ಸ್ವಭಾವ. ಆದರೆ ಬೇಗ ಮುರಿದರೆ ಆ ತುಂಡನ್ನು ಗುಜರಿಗೆ ಎಸೆಯುವ ಮೊದಲು ಬಿರುಕು ಎಲ್ಲಿಂದ ಶುರುವಾಗಿದೆ ನೋಡಿ. ಹಲ್ಲಿನ ಬುಡದ ಕುಳಿಯಿಂದ ಶುರುವಾಗಿದ್ದರೆ ಬಿಗಿತ ಹೆಚ್ಚಾಗಿತ್ತು, ಪಕ್ಕದ ಗೈಡುಗಳು ಅತಿಯಾಗಿ ಬಿಗಿದಿದ್ದವು, ಇಲ್ಲವೇ ಫೀಡ್ ಹೆಚ್ಚಾಗಿತ್ತು. ಬೆನ್ನಿನ ಕಡೆಯಿಂದ ಶುರುವಾಗಿದ್ದರೆ ಬ್ಲೇಡಿನ ಬೆನ್ನು ಚಕ್ರದ ಅಂಚಿಗೆ ಉಜ್ಜುತ್ತಿದೆ, ಅಥವಾ ಬೆನ್ನಿನ ಗೈಡ್ ಸವೆದು ಹಳ್ಳ ಬಿದ್ದಿದೆ. ಬೆಸುಗೆಯಲ್ಲೇ ಬಿಟ್ಟಿದ್ದರೆ ಬೆಸುಗೆ ಹಾಕಿದವರನ್ನು ಕೇಳಬೇಕು. ಬೆಸೆದ ಮೇಲೆ ಆ ಜಾಗವನ್ನು ಹದವಾಗಿ ಕಾಯಿಸಿ ಮೆತ್ತಗೆ ಮಾಡದಿದ್ದರೆ ಅದು ಗಾಜಿನಂತೆ ಒಡೆಯುತ್ತದೆ. ಬೆಸುಗೆ ಈ ಗರಗಸಕ್ಕೆ ಹುಟ್ಟಿನಿಂದಲೇ ಬಂದ ಕಷ್ಟ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1808ರಲ್ಲೇ ಇದಕ್ಕೆ ಪೇಟೆಂಟ್ ಪಡೆದರೂ ಪಟ್ಟಿಯ ಎರಡು ತುದಿ ಬಾಳಿಕೆ ಬರುವಂತೆ ಕೂಡುತ್ತಿರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾಂ ಎಂಬ ಮಹಿಳೆ ಬೆಸೆಯುವ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆಯೇ ಪಟ್ಟಿ ಗರಗಸ ನಿಜವಾಗಿ ಕೆಲಸಕ್ಕೆ ಬಂತು.

ಹೊಸ ಬ್ಲೇಡ್ ಹಾಕಿದ ಮೊದಲ ಕಾಲು ಗಂಟೆ ಅದರ ಆಯುಷ್ಯವನ್ನು ನಿರ್ಧರಿಸುತ್ತದೆ. ಹೊಸ ಹಲ್ಲಿನ ತುದಿ ಬಹಳ ಚೂಪು, ಒಮ್ಮೆಲೇ ಪೂರ್ತಿ ಭಾರ ಬಿದ್ದರೆ ಸಣ್ಣಗೆ ಒಡೆಯುತ್ತದೆ. ಆದ್ದರಿಂದ ಬ್ಲೇಡಿನ ವೇಗ ಎಂದಿನಂತೆ ಇಟ್ಟು ಫೀಡನ್ನು ಮಾತ್ರ ಅರ್ಧಕ್ಕೆ ಇಳಿಸಿ, 100 ಮಿಲಿಮೀಟರ್ ರಾಡಿನಲ್ಲಿ ನಾಲ್ಕೈದು ಕಟ್ ಮಾಡಿ, ಬಳಿಕ ನಿಧಾನವಾಗಿ ಏರಿಸಿ. ಹಳೆಯ ಬ್ಲೇಡ್ ಅರ್ಧಕ್ಕೆ ಬಿಟ್ಟ ಕಟ್ಟಿನೊಳಗೆ ಹೊಸ ಬ್ಲೇಡನ್ನು ಎಂದೂ ಇಳಿಸಬೇಡಿ. ಹಳೆಯದರ ಹಲ್ಲು ಸವೆದು ಆ ಸಂದು ಕಿರಿದಾಗಿರುತ್ತದೆ, ಹೊಸದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಜಾಬನ್ನು ತಿರುಗಿಸಿ ಬೇರೆ ಕಡೆಯಿಂದ ಶುರುಮಾಡಿ. ದಿನದ ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿತ ಸಡಿಲಿಸಿ ಹೋಗಿ.

ಜೀವದ ಮಾತನ್ನು ಹೇಳದೆ ಮುಗಿಸುವಂತಿಲ್ಲ. ಸುರುಳಿ ಸುತ್ತಿದ ಬ್ಲೇಡ್ ಬಿಚ್ಚುವಾಗ ಅದು ಚಿಮ್ಮುತ್ತದೆ. ದಪ್ಪ ಗ್ಲೌಸ್, ಕನ್ನಡಕ ಹಾಕಿಕೊಂಡು, ಮೈಯಿಂದ ದೂರ ಹಿಡಿದು ಬಿಚ್ಚಿ. ಯಂತ್ರ ಓಡುವಾಗ ಮಾತ್ರ ಗ್ಲೌಸ್ ಬೇಡ, ಹಲ್ಲು ಅದನ್ನು ಹಿಡಿದರೆ ಕೈಯನ್ನೂ ಎಳೆಯುತ್ತದೆ. ಕೊರಳಿನ ಟವೆಲ್ಲು ತೆಗೆದಿಡಿ. ಗೈಡ್ ನೋಡುವಾಗ, ಬ್ರಷ್ ಬದಲಿಸುವಾಗ ಮೇನ್ ಸ್ವಿಚ್ ಆಫ್ ಆಗಿರಲಿ.

ಕೊನೆಯದಾಗಿ ಒಂದು ಕೋರಿಕೆ. ತೊಂದರೆ ಬಂದಾಗ ನಾಲ್ಕು ಸ್ಕ್ರೂ ಒಟ್ಟಿಗೆ ತಿರುಗಿಸಬೇಡಿ. ಒಂದನ್ನು ಬದಲಿಸಿ, ಒಂದು ಕಟ್ ಮಾಡಿ, ನೋಡಿ, ಆಮೇಲೆ ಇನ್ನೊಂದು. ಯಂತ್ರದ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ: ಬ್ಲೇಡ್ ಹಾಕಿದ ದಿನ, ಕತ್ತರಿಸಿದ ಮಾಲು, ವೇಗ, ಮುರಿದ ಜಾಗ. ಆ ಪುಸ್ತಕವನ್ನು ಮಾಲೀಕರು ಬೀಗ ಹಾಕಿಡದೆ, ಯಂತ್ರದ ಮುಂದೆ ನಿಲ್ಲುವ ಹುಡುಗನ ಕೈಗೇ ಕೊಡಿ. ಸದ್ದು ಬದಲಾದದ್ದನ್ನು ಮೊದಲು ಕೇಳುವವನು ಅವನು, ಚೂರಿನ ಬಣ್ಣ ತಿರುಗಿದ್ದನ್ನು ಮೊದಲು ಕಾಣುವವನೂ ಅವನೇ. ಅವನು ಹೆಲ್ಪರ್ ಆಗಿ ಬಂದಿರಬಹುದು, ಐಟಿಐ ಮುಗಿಸಿ ನಿನ್ನೆ ಸೇರಿದ್ದಿರಬಹುದು. ಬ್ಲೇಡ್ ಏಕೆ ಮುರಿಯಿತು ಎಂದು ಅವನನ್ನು ಗದರಿಸದೆ, ಎಲ್ಲಿಂದ ಮುರಿದಿದೆ ಎಂದು ಅವನ ಜೊತೆ ಕೂತು ನೋಡಿ. ಕಾರಣ ತಿಳಿದ ಕೈ ಮುಂದಿನ ಬ್ಲೇಡನ್ನು ಉಳಿಸುತ್ತದೆ. ಅಂಥ ಕೈಗಳು ನಮ್ಮ ಬೀದರ್, ಭಾಲ್ಕಿ, ಔರಾದಿನಲ್ಲೇ ತಯಾರಾದರೆ ಹೈದರಾಬಾದಿನಿಂದ ಮೆಕ್ಯಾನಿಕ್ ಬರುವ ತನಕ ಯಾವ ಅಂಗಡಿಯೂ ಕೆಲಸ ನಿಲ್ಲಿಸಬೇಕಾಗುವುದಿಲ್ಲ.